ಮೇಲೆ ಹಾರಿದರೆ ರೇಡಾರ್, ಕೆಳಗೆ ಹಾರಿದರೆ ಕ್ಷಿಪಣಿ

1986ರ ಅಕ್ಟೋಬರ್ 5ರಂದು ಎಲ್ ಸಾಲ್ವಡಾರ್‌ನ ಇಲೋಪಾಂಗೋ ವಾಯುನೆಲೆಯಿಂದ ಅಮೆರಿಕದ ಸೇನೆ ಬಳಸಿ ಕೈಬಿಟ್ಟಿದ್ದ ಸಿ-123ಕೆ ಸರಕು ವಿಮಾನವೊಂದು ಮೇಲೇರಿತು. ಅದರ ಹೊಟ್ಟೆಯಲ್ಲಿ ನಿಕರಾಗುವಾದ ಸ್ಯಾಂಡಿನಿಸ್ಟಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗಾಗಿ ರೈಫಲ್‌ಗಳು, ಗುಂಡುಗಳು, ಗ್ರೆನೇಡುಗಳು ಹಾಗೂ ಕಾಡಿನಲ್ಲಿ ತೊಡುವ ಬೂಟುಗಳಿದ್ದವು. ಕಾಂಟ್ರಾಗಳಿಗೆ ಸೈನಿಕ ನೆರವು ನೀಡುವುದನ್ನು ಅಮೆರಿಕದ ಸಂಸತ್ತು 1984ರಲ್ಲಿಯೇ ಕಾನೂನಿನ ಮೂಲಕ ನಿಷೇಧಿಸಿತ್ತಾದ್ದರಿಂದ, ಈ ಹಾರಾಟವನ್ನು ಯಾವ ಸರ್ಕಾರವೂ ತನ್ನದೆಂದು ಒಪ್ಪಿಕೊಳ್ಳುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಕರಾಗುವಾದ ದಕ್ಷಿಣ ಭಾಗದ ಕಾಡಿನ ಮೇಲೆ, ಹತ್ತೊಂಬತ್ತು ವರ್ಷದ ಸೈನಿಕನೊಬ್ಬ ಭುಜದ ಮೇಲಿಂದ ಹಾರಿಸಿದ ಸೋವಿಯತ್ ನಿರ್ಮಿತ ಕ್ಷಿಪಣಿ ತಗುಲಿ ವಿಮಾನ ಉರುಳಿಬಿತ್ತು. ಇಬ್ಬರು ಅಮೆರಿಕನ್ ಪೈಲಟ್‌ಗಳೂ ನಿಕರಾಗುವಾದ ಒಬ್ಬ ಯುವಕನೂ ಸತ್ತರು. ಸರಕನ್ನು ಹೊರತಳ್ಳುವ ಕೆಲಸಕ್ಕೆ ಬಂದಿದ್ದ ಯೂಜೀನ್ ಹಾಸೆನ್‌ಫಸ್ ಮಾತ್ರ ಪ್ಯಾರಾಚೂಟ್ ತೊಟ್ಟಿದ್ದರಿಂದ ಬದುಕುಳಿದು, ಮರುದಿನ ಸೆರೆಸಿಕ್ಕ.

ಈ ಘಟನೆಯ ರಾಜಕೀಯದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ವಿಮಾನ ಬಿದ್ದದ್ದರ ಹಿಂದಿನ ಭೌತಶಾಸ್ತ್ರದ ಬಗ್ಗೆ ಮಾತ್ರ ಚರ್ಚೆ ಕಡಿಮೆ. ಅದನ್ನು ಬರಿಯ ದುರದೃಷ್ಟವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಅಂಥ ಹಾರಾಟವನ್ನು ಅಂಥ ವಿಮಾನದಲ್ಲಿ ಹಗಲು ಹೊತ್ತಿನಲ್ಲಿ ಕೈಗೊಂಡವರು ಒಂದು ಕಣ್ಣಿನಿಂದ ತಪ್ಪಿಸಿಕೊಳ್ಳಲು ಇನ್ನೊಂದು ಕಣ್ಣಿನ ಎದುರಿಗೇ ಹೋಗಬೇಕಾಗಿತ್ತು.

ಮೊದಲನೆಯ ಕಣ್ಣು ರೇಡಾರ್. ರೇಡಿಯೊ ಅಲೆಗಳು ಬಹುಮಟ್ಟಿಗೆ ನೇರವಾಗಿಯೇ ಸಾಗುತ್ತವೆ, ಭೂಮಿಯಾದರೋ ದುಂಡಗಿದೆ. ಹಾಗಾಗಿ ನೆಲದ ಮೇಲಿನ ರೇಡಾರ್‌ಗೆ 3,000 ಮೀಟರ್ ಎತ್ತರದ ವಿಮಾನ ಸುಮಾರು 225 ಕಿಲೋಮೀಟರ್ ದೂರದಿಂದಲೇ ಕಾಣಬಹುದಾದರೆ, 300 ಮೀಟರ್ ಎತ್ತರದ ವಿಮಾನ 70 ಕಿಲೋಮೀಟರ್‌ಗಿಂತ ಆಚೆ ಇದ್ದಾಗ ದಿಗಂತದ ಕೆಳಗೇ ಉಳಿದುಬಿಡುತ್ತದೆ. ನಡುವೆ ಗುಡ್ಡಗಳಿದ್ದರೆ ಇನ್ನೂ ಹತ್ತಿರ ಬಂದರೂ ಕಾಣದು. ಕೆಳಗೆ ಹಾರಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಪ್ಯಾರಾಚೂಟ್ ಕಟ್ಟಿದ ಸರಕು ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ ಇಳಿಯುತ್ತದೆಂದೂ ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುತ್ತಿದೆಯೆಂದೂ ಇಟ್ಟುಕೊಳ್ಳೋಣ. 300 ಮೀಟರ್ ಎತ್ತರದಿಂದ ತಳ್ಳಿದ ಪೆಟ್ಟಿಗೆ ಗುರಿಯಿಂದ ಸುಮಾರು 200 ಮೀಟರ್ ಸರಿದು ಬೀಳುತ್ತದೆ. 3,000 ಮೀಟರ್‌ನಿಂದ ತಳ್ಳಿದ್ದು 2 ಕಿಲೋಮೀಟರ್ ಆಚೆಗೆ ಹೋಗುತ್ತದೆ. ದಟ್ಟ ಕಾಡಿನಲ್ಲಿ 2 ಕಿಲೋಮೀಟರ್ ಎಂದರೆ ಆ ಪೆಟ್ಟಿಗೆಯ ಆಸೆ ಬಿಟ್ಟಂತೆಯೇ.

ಈ ಕೆಲಸಕ್ಕೆ ಸಿ-123 ಹೇಳಿಮಾಡಿಸಿದ ವಿಮಾನವಾಗಿತ್ತು. ಅದರ ಮೂಲ ವಿನ್ಯಾಸ ಎಂಜಿನ್ನೇ ಇಲ್ಲದ ಸೈನಿಕ ಗ್ಲೈಡರ್‌ನದು. ಎಂಜಿನ್ ಅಳವಡಿಸಿದ ಮಾದರಿ 1949ರಲ್ಲಿ ಮೊದಲು ಹಾರಿತು. ದೇಹದ ಮೇಲ್ಭಾಗಕ್ಕೆ ಜೋಡಿಸಿದ ಅಗಲ ರೆಕ್ಕೆಗಳಿಂದಾಗಿ ಅದು ಕಡಿಮೆ ವೇಗದಲ್ಲಿಯೂ ತೇಲಬಲ್ಲದು, ಒರಟು ಮಣ್ಣಿನ ಓಡುದಾರಿಯಲ್ಲಿಯೂ ಇಳಿಯಬಲ್ಲದು, ಹಾರುತ್ತಿರುವಾಗಲೇ ಬಾಲದ ಬಾಗಿಲು ತೆರೆದು ಸರಕು ಸುರಿಯಬಲ್ಲದು. ‘ಕೆ’ ಮಾದರಿಯಲ್ಲಿ ಎರಡು ದೊಡ್ಡ ಪಿಸ್ಟನ್ ಎಂಜಿನ್‌ಗಳ ಜೊತೆಗೆ, ಮೇಲೇರುವಾಗ ನೆರವಾಗಲೆಂದು ಎರಡು ಚಿಕ್ಕ ಜೆಟ್ ಎಂಜಿನ್‌ಗಳನ್ನೂ ಸೇರಿಸಿದ್ದರು. ನಿಧಾನ ಮತ್ತು ತಗ್ಗು ಹಾರಾಟ, ಇವೆರಡೇ ಅದರ ಹೆಚ್ಚುಗಾರಿಕೆ. ಎರಡನೆಯ ಕಣ್ಣಿಗೆ ಬೇಕಾದದ್ದೂ ಅವೆರಡೇ.

ಆ ಕಣ್ಣು, ಭುಜದ ಮೇಲಿಂದ ಹಾರಿಸುವ ಸೋವಿಯತ್ ನಿರ್ಮಿತ ಸ್ಟ್ರೆಲಾ-2 ಕ್ಷಿಪಣಿಯ ಮೂತಿಯಲ್ಲಿರುತ್ತದೆ. ಕೊಳವೆ ಸಮೇತ ಸುಮಾರು 15 ಕಿಲೋ ತೂಗುವ ಈ ಆಯುಧವನ್ನು ಒಬ್ಬನೇ ಹೊತ್ತು ನಡೆಯಬಹುದು. ರೇಡಾರ್ ರೇಡಿಯೊ ಅಲೆಗಳನ್ನು ಹೊರಸೂಸುತ್ತದೆ, ಇದು ಏನನ್ನೂ ಹೊರಸೂಸದೆ ಬರುವ ಶಾಖವನ್ನು ನೋಡುತ್ತದೆ ಅಷ್ಟೆ. ಹೀಗಾಗಿ ತನ್ನತ್ತ ಯಾರೋ ಗುರಿಯಿಡುತ್ತಿದ್ದಾರೆಂಬ ಸುಳಿವೂ ಪೈಲಟ್‌ಗೆ ಸಿಗುವುದಿಲ್ಲ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸೂಸುತ್ತದೆ, ಮತ್ತು ತಾಪ ಹೆಚ್ಚಿದಷ್ಟೂ ಅವುಗಳ ತರಂಗಾಂತರ ಕಿರಿದಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕಾಡು, ನೆಲ, ವಿಮಾನದ ಮೈ ಇವೆಲ್ಲ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನಲ್ಲಿ ಹೆಚ್ಚಾಗಿ ಹೊಳೆಯುತ್ತವೆ. ಸ್ಟ್ರೆಲಾದ ಸಂವೇದಕವನ್ನು ಸೀಸದ ಸಲ್ಫೈಡ್‌ನಿಂದ ಮಾಡಿದ್ದು, 3 ಮೈಕ್ರಾನ್ ದಾಟಿದ ಬೆಳಕಿಗೆ ಅದು ಬಹುತೇಕ ಕುರುಡು. ಆ ಕುರುಡೇ ಅದಕ್ಕೆ ಅನುಕೂಲ. 2.5 ಮೈಕ್ರಾನ್ ತರಂಗಾಂತರದಲ್ಲಿ ನೋಡಿದರೆ, 627 ಡಿಗ್ರಿ ಕಾದ ಲೋಹ ಅದೇ ವಿಸ್ತಾರದ 27 ಡಿಗ್ರಿ ಮೇಲ್ಮೈಗಿಂತ ಸುಮಾರು ಮೂರೂವರೆ ಲಕ್ಷ ಪಟ್ಟು ಹೆಚ್ಚು ಪ್ರಖರವಾಗಿರುತ್ತದೆಂದು, ತಾಪಕ್ಕೂ ಹೊಳಪಿಗೂ ಇರುವ ನಂಟನ್ನು ಹೇಳುವ ಪ್ಲಾಂಕ್ ಸೂತ್ರದಿಂದ ಲೆಕ್ಕ ಹಾಕಬಹುದು. ಕಾಡೂ ವಿಮಾನದ ಮೈಯೂ ಕತ್ತಲಲ್ಲಿ ಕರಗಿಹೋಗಿ, ಎಂಜಿನ್ನಿನ ಹೊಗೆಕೊಳವೆಯೊಂದೇ ಉಳಿಯುತ್ತದೆ. ಪಿಸ್ಟನ್ ಎಂಜಿನ್‌ನ ಹೊಗೆಕೊಳವೆ ಜೆಟ್‌ನಷ್ಟು ಬಿಸಿಯಲ್ಲದಿದ್ದರೂ ಈ ಸಂವೇದಕಕ್ಕೆ ಅಷ್ಟು ಸಾಕು. (ಸೂರ್ಯ ಮಾತ್ರ ಇದನ್ನು ಸುಲಭವಾಗಿ ಮೋಸಗೊಳಿಸುತ್ತಾನೆ, ಆ ದಿಕ್ಕಿಗೆ ಹಾರಿಸಿದ ಕ್ಷಿಪಣಿ ವಿಮಾನವನ್ನು ಬಿಟ್ಟು ಅವನನ್ನೇ ಅಟ್ಟಿಸಿಕೊಂಡು ಹೋದೀತು.)

ಗುರಿ ಎಷ್ಟು ದೂರವಿದೆಯೆಂಬುದು ಕ್ಷಿಪಣಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಸಮುದ್ರದಲ್ಲಿ ಇನ್ನೊಂದು ಹಡಗು ಹತ್ತಿರವಾಗುತ್ತಲೇ ಇದ್ದು ಅದು ಕಾಣುವ ದಿಕ್ಕು ಮಾತ್ರ ಬದಲಾಗದಿದ್ದರೆ ಡಿಕ್ಕಿ ಖಚಿತವೆಂದು ನಾವಿಕರು ಬಲ್ಲರು. ನಾವಿಕ ಯಾವುದನ್ನು ತಪ್ಪಿಸಲು ನೋಡುತ್ತಾನೋ ಅದನ್ನೇ ಸಾಧಿಸಲು ಕ್ಷಿಪಣಿ ಹೆಣಗುತ್ತದೆ: ಬಿಸಿ ಚುಕ್ಕೆ ಕಾಣುವ ದಿಕ್ಕು ಒಂದಿಷ್ಟು ತಿರುಗಿದರೂ ತನ್ನ ಚುಕ್ಕಾಣಿಯನ್ನು ತಿರುಗಿಸಿ ಸರಿಪಡಿಸಿಕೊಳ್ಳುತ್ತದೆ. ಸೆಕೆಂಡಿಗೆ 430 ಮೀಟರ್‌ಗೂ ಮಿಗಿಲಾದ ವೇಗದ ಈ ಅಸ್ತ್ರ 3 ಕಿಲೋಮೀಟರ್ ಕ್ರಮಿಸಲು ಏಳೆಂಟು ಸೆಕೆಂಡು ಸಾಕು. ಅಷ್ಟರಲ್ಲಿ ಭಾರ ಹೊತ್ತ ಸರಕು ವಿಮಾನ ಮಾಡಬಹುದಾದದ್ದು ಏನೂ ಇಲ್ಲ. ಆದರೆ ಇದರ ಕೈ ಎರಡು ಕಿಲೋಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ನಿಲುಕುವುದು ಕಷ್ಟ. ಆ ಎತ್ತರಕ್ಕೆ ಏರಿದರೆ ರೇಡಾರ್ ಕಾಯುತ್ತಿರುತ್ತದೆ, ಸರಕೂ ದಿಕ್ಕುಪಾಲಾಗುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬ ಮಾತು ಈ ಪೈಲಟ್‌ಗಳಿಗೆ ಅಕ್ಷರಶಃ ಅನ್ವಯಿಸುತ್ತಿತ್ತು.

ಕ್ಷಿಪಣಿ ತಾಗಿದ ಮಾತ್ರಕ್ಕೆ ದೊಡ್ಡ ವಿಮಾನ ಬೀಳಲೇಬೇಕೆಂದಿಲ್ಲ, ಏಕೆಂದರೆ ಸ್ಟ್ರೆಲಾದ ಸಿಡಿತಲೆಯ ತೂಕ ಒಂದು ಕಿಲೋಗಿಂತ ತುಸು ಹೆಚ್ಚು ಅಷ್ಟೆ. 2003ರ ನವೆಂಬರ್‌ನಲ್ಲಿ ಬಾಗ್ದಾದ್‌ನಿಂದ ಮೇಲೇರುತ್ತಿದ್ದ ಏರ್‌ಬಸ್ ಎ300 ಸರಕು ವಿಮಾನದ ರೆಕ್ಕೆಗೆ ಭುಜದಿಂದ ಹಾರಿಸಿದ ಇಂಥದೇ ಒಂದು ಕ್ಷಿಪಣಿ ತಗುಲಿ ಚುಕ್ಕಾಣಿ ವ್ಯವಸ್ಥೆಯೇ ಕೆಟ್ಟುಹೋದರೂ, ಎಂಜಿನ್‌ಗಳ ಬಲವನ್ನು ಹೆಚ್ಚುಕಡಿಮೆ ಮಾಡುತ್ತಲೇ ಅದನ್ನು ಮರಳಿ ಇಳಿಸಲಾಯಿತು. ಅದಕ್ಕೆ ಸುಮಾರು 2,400 ಮೀಟರ್ ಎತ್ತರವಿತ್ತು. ಎತ್ತರವೆಂದರೆ ಪೈಲಟ್‌ಗೆ ಸಮಯ. ನಿಕರಾಗುವಾದ ಕಾಡಿನ ಮೇಲೆ ತಗ್ಗಿನಲ್ಲಿ ಹಾರುತ್ತಿದ್ದವರಿಗೆ ಆ ಸಮಯವಿರಲಿಲ್ಲ.

ಶಾಖದಂತೆಯೇ ಮುಚ್ಚಿಡಲಾಗದ ಇನ್ನೊಂದು ಗುರುತು ಕಾಗದಪತ್ರ. ಪ್ರತಿ ವಿಮಾನಕ್ಕೂ ತಯಾರಿಕೆಯ ಕ್ರಮಸಂಖ್ಯೆಯಿರುತ್ತದೆ, ಎಂಜಿನ್ ಓಡಿದ ಗಂಟೆಗಳನ್ನು ಬರೆದಿಡದಿದ್ದರೆ ದುರಸ್ತಿ ಸಾಧ್ಯವಾಗದು. ಸೇನೆಯಿಂದ ಹೊರಬಂದ ವಿಮಾನವೂ ತನ್ನ ಜಾತಕವನ್ನು ಹೊತ್ತುಕೊಂಡೇ ಬರುತ್ತದೆ. ಇದೇ ವಿಮಾನವನ್ನು 1984ರಲ್ಲಿ ಮಾದಕವಸ್ತು ಸಾಗಣೆದಾರ ಬ್ಯಾರಿ ಸೀಲ್, ಅಮೆರಿಕದ ಸರ್ಕಾರಿ ಸಂಸ್ಥೆಗಳಿಗೆ ಮಾಹಿತಿದಾರನಾಗಿದ್ದಾಗ, ಬಚ್ಚಿಟ್ಟ ಕ್ಯಾಮೆರಾಗಳೊಡನೆ ನಿಕರಾಗುವಾಕ್ಕೇ ಹಾರಿಸಿದ್ದ ಎಂಬುದು ಆ ಜಾತಕ ನೋಡಿದವರಿಗೆ ತಿಳಿದುಬಂತು. ಅವಶೇಷಗಳ ನಡುವೆ ಹಾರಾಟದ ದಾಖಲೆ ಪುಸ್ತಕಗಳೂ ಸಿಬ್ಬಂದಿಯ ಗುರುತಿನ ಚೀಟಿಗಳೂ ಸಿಕ್ಕವು. ಸಾನ್ ಸಾಲ್ವಡಾರ್‌ನಲ್ಲಿ ಸಿಬ್ಬಂದಿ ತಂಗುತ್ತಿದ್ದ ಮನೆಯ ದೂರವಾಣಿ ಬಿಲ್ಲುಗಳನ್ನು ಪತ್ರಕರ್ತರು ತೆಗೆಸಿ ನೋಡಿದಾಗ, ಕರೆಗಳಲ್ಲಿ ಕೆಲವು ಶ್ವೇತಭವನದ ಅಧಿಕಾರಿ ಆಲಿವರ್ ನಾರ್ತ್ ಅವರ ಕಚೇರಿಗೆ ಹೋಗಿದ್ದವು.