ಎ.ಎ. ಮೀಟಿಂಗ್ ಚರ್ಚಿನಲ್ಲಿ ನಡೆಯುತ್ತದಂತೆ, ನಾವು ಹೋಗಬಹುದೇ?

ಪ್ರಶ್ನೆ: ನನ್ನ ತಮ್ಮ ಕುಡಿತ ಬಿಡಬೇಕೆಂದು ತಾನಾಗಿಯೇ ಹೇಳುತ್ತಿದ್ದಾನೆ. ಕನ್ನಡದಲ್ಲಿ ನಡೆಯುವ ಎ.ಎ. ಮೀಟಿಂಗ್ ಹುಡುಕುವುದು ಹೇಗೆ? ಅದು ಚರ್ಚಿನಲ್ಲಿ ನಡೆಯುತ್ತದೆಂದು ಕೇಳಿ ಅಮ್ಮ ಬೇಡವೆನ್ನುತ್ತಿದ್ದಾರೆ.

ಉತ್ತರ: ಹುಡುಕುವ ಕೆಲಸ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಎ.ಎ. ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಸೇರಿ ಒಬ್ಬರಿಗೊಬ್ಬರು ನೆರವಾಗುವ ಸಂಘ. ಅದರ ಭಾರತದ ಜಾಲತಾಣದಲ್ಲಿ ಸಹಾಯವಾಣಿಯ ಸಂಖ್ಯೆ ಸಿಗುತ್ತದೆ. ಕರೆಯನ್ನು ನಿಮ್ಮ ಬದಲು ತಮ್ಮನೇ ಮಾಡಲಿ, ಏಕೆಂದರೆ ಆ ಕಡೆ ಮಾತನಾಡುವವರೂ ಒಂದು ಕಾಲಕ್ಕೆ ಕುಡಿದು ಬಿಟ್ಟವರೇ. ಯಾವ ದಿನ, ಯಾವ ಭಾಷೆ, ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ ಎಂದು ಕೇಳಿಕೊಂಡರೆ ಸಾಕು. ಕ್ಲೋಸ್ಡ್ ಎಂದರೆ ಕುಡಿತ ಬಿಡುವ ಬಯಕೆಯುಳ್ಳವರಿಗೆ ಮಾತ್ರ. ಜೊತೆಗೆ ನೀವೂ ಹೋಗಬೇಕೆಂದಿದ್ದರೆ ಓಪನ್ ಮೀಟಿಂಗನ್ನೇ ಆರಿಸಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಕೂಡ ಉಚಿತ. ಹತ್ತಿರದಲ್ಲಿ ಎ.ಎ. ಗುಂಪು ಇಲ್ಲದ ತಾಲ್ಲೂಕುಗಳಲ್ಲಿ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳನ್ನು ವಿಚಾರಿಸಿ.

ಇನ್ನು ಚರ್ಚಿನ ವಿಷಯ. ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂದು ಎಣಿಸುವುದನ್ನೇ ಬಿಟ್ಟಿದ್ದೇನೆ. ವಾರಕ್ಕೊಮ್ಮೆ ಸಂಜೆ ಒಂದೂವರೆ ಗಂಟೆಯ ಮಟ್ಟಿಗೆ ಕಡಿಮೆ ಬಾಡಿಗೆಗೆ ಸಿಗುವ, ಇಪ್ಪತ್ತು ಕುರ್ಚಿ ಹಿಡಿಸುವ, ಯಾರು ಬಂದರು ಯಾರು ಹೋದರು ಎಂದು ಯಾರೂ ಇಣುಕದ ಕೋಣೆ ನಮ್ಮ ಊರುಗಳಲ್ಲಿ ಎಲ್ಲಿದೆ ಎಂದು ಒಮ್ಮೆ ಯೋಚಿಸಿ ನೋಡಿ: ಚರ್ಚಿನ ಆವರಣದ ಹಾಲ್, ಶಾಲೆಯ ಕೊಠಡಿ, ಆಸ್ಪತ್ರೆಯ ಒಂದು ಮೂಲೆ, ಅಷ್ಟೇ. ರಾಯರ ಮಠದ ಕಲ್ಯಾಣ ಮಂಟಪದಲ್ಲಿ ಸಹಕಾರಿ ಬ್ಯಾಂಕಿನ ವಾರ್ಷಿಕ ಸಭೆ ನಡೆದ ಮಾತ್ರಕ್ಕೆ ಷೇರುದಾರರೆಲ್ಲ ಮಾಧ್ವರಾಗಿಬಿಡುತ್ತಾರೆಯೇ? ಚರ್ಚು ಇಲ್ಲಿ ಮನೆಮಾಲೀಕ, ಗುಂಪು ಬಾಡಿಗೆದಾರ. ಮೀಟಿಂಗ್ ನಡುವೆ ಒಂದು ಡಬ್ಬಿ ಕೈಯಿಂದ ಕೈಗೆ ಸಾಗುತ್ತದೆ. ಮನಸ್ಸಿದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಬಾಡಿಗೆ, ಚಹಾ, ಬಿಸ್ಕತ್ತು ಎಲ್ಲವೂ ಆ ಡಬ್ಬಿಯಿಂದಲೇ. ಹೊರಗಿನವರ ದೇಣಿಗೆಯನ್ನು ಈ ಸಂಘ ಸ್ವೀಕರಿಸುವುದಿಲ್ಲ. ಮತಾಂತರಕ್ಕೆ ಹಣ ಹರಿದುಬರುತ್ತದೆಂದು ಹೇಳುವವರು ಆ ಡಬ್ಬಿಯನ್ನೊಮ್ಮೆ ನೋಡಬೇಕು.

ಆದರೆ ಅಮ್ಮನ ಅನುಮಾನಕ್ಕೆ ಬುಡವೇ ಇಲ್ಲವೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ ಸೇರಿ ಇದನ್ನು ಆರಂಭಿಸಿದಾಗ ಅವರಿಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಪ್ರಭಾವದಲ್ಲಿದ್ದವರು. ಮುಂದೆ 1939ರಲ್ಲಿ, ಕುಡಿತ ಬಿಡಲು ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳು ಅಚ್ಚಾಗುವ ಹೊತ್ತಿಗೆ, ದೇವರನ್ನು ನಂಬದ ಸದಸ್ಯರು ಪಟ್ಟು ಹಿಡಿದದ್ದರಿಂದ, ಎರಡು ಹೆಜ್ಜೆಗಳಲ್ಲಿ ದೇವರೆಂಬ ಪದದ ಜೊತೆಗೆ 'ನಾವು ಅರಿತುಕೊಂಡ ರೀತಿಯ' ಎಂಬ ಮಾತು ಸೇರಿಕೊಂಡಿತು. ಆ ಮಾತಿನಿಂದಾಗಿಯೇ ಮಂಜುನಾಥನನ್ನು ನೆನೆಯುವವರು, ನಮಾಜು ಮಾಡುವವರು, ಏನನ್ನೂ ನಂಬದವರು ಒಂದೇ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಲು ಸಾಧ್ಯವಾಗಿದೆ. ಬದಲಾಯಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿಯನ್ನು ಬೇಡುವ ಒಂದು ಪುಟ್ಟ ಪ್ರಾರ್ಥನೆ ಅಲ್ಲಿ ರೂಢಿಯಲ್ಲಿದೆ. ಅದರಲ್ಲಿ ಯೇಸುವಿನ ಹೆಸರಿಲ್ಲ. ಹೇಳಲೇಬೇಕೆಂದೂ ಇಲ್ಲ. ಉಳಿದಂತೆ ನಡೆಯುವುದೆಲ್ಲ ಮಾತು: ಒಬ್ಬರು ತಮ್ಮ ಹೆಸರನ್ನಷ್ಟೇ ಹೇಳಿ, ತಾವು ಮದ್ಯವ್ಯಸನಿಯೆಂದು ಒಪ್ಪಿಕೊಂಡು, ಸಂಬಳದ ದಿನ ಬಾರಿನ ಮುಂದಿನ ದಾರಿ ಬಿಟ್ಟು ಸುತ್ತುಬಳಸಿ ಮನೆ ಸೇರಿದ್ದನ್ನು ವಿವರಿಸುತ್ತಾರೆ, ನಡುವೆ ಬಾಯಿ ಹಾಕದೆ ಮಿಕ್ಕವರು ಕೇಳುತ್ತಾರೆ. ಹೊಸಬರು ಮಾತನಾಡದೆ ಕುಳಿತಿದ್ದರೂ ನಡೆಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತಮ್ಮ ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲಷ್ಟೇ ಸರಿಹೋಗುವ ಸ್ಥಿತಿಯಲ್ಲಿದ್ದರೆ, ಇದ್ದಕ್ಕಿದ್ದಂತೆ ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಅನಂತರ ದಿಕ್ಕು ತಪ್ಪಿದಂತೆ ಬಡಬಡಿಸಲೂಬಹುದು. ಇದು ಪ್ರಾಣಕ್ಕೇ ಅಪಾಯ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರೂ ಆಗುತ್ತಾರೆ. ಬೆಂಗಳೂರಿನ ಸುತ್ತಮುತ್ತಲಿನವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮೀಟಿಂಗ್ ಎಂಬುದು ಔಷಧಿಯ ಜಾಗ ತುಂಬುವಂಥದ್ದಲ್ಲ, ಎರಡೂ ಒಟ್ಟಿಗೇ ನಡೆಯಬಹುದು.

ನೀವು ಕೇಳಿಲ್ಲ, ಆದರೆ ಮೀಟಿಂಗ್ ಬೇಡವೆಂದ ಅಮ್ಮ ಕೆಲವೇ ದಿನಗಳಲ್ಲಿ ಇನ್ನೊಂದು ದಾರಿ ಕೇಳಿಕೊಂಡು ಬಂದಾರು: ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ. ಬಸ್ ನಿಲ್ದಾಣದ ಗೋಡೆಯ ಮೇಲೆ ಅದರ ಜಾಹೀರಾತನ್ನು ನೀವೂ ಓದಿರುತ್ತೀರಿ. ಅದರಲ್ಲಿ ಏನಿದೆಯೆಂದು ಮಾರುವವನು ಹೇಳುವುದಿಲ್ಲ. ವೈದ್ಯರು ಬರೆದುಕೊಡುವ ಡೈಸಲ್ಫಿರಾಂ ಮಾತ್ರೆಯನ್ನೇ ಪುಡಿ ಮಾಡಿ ಕದ್ದು ಕೊಡುವವರೂ ಇದ್ದಾರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ನುಂಗುವವನು ಕುಡಿಯದೆ ಎಚ್ಚರದಿಂದಿರುತ್ತಾನೆ; ತಿಳಿಯದವನು ಎಂದಿನಂತೆ ಕ್ವಾರ್ಟರ್ ಬಾಟಲಿ ಏರಿಸಿ ಆಸ್ಪತ್ರೆ ಸೇರುತ್ತಾನೆ. ಗುಟ್ಟು ಹೊರಬಿದ್ದ ಮೇಲೆ ಆತ ಮನೆಯ ಊಟವನ್ನೇ ನಂಬುವುದಿಲ್ಲ.

ಅಮ್ಮನಿಗೆ ಏನಾದರೂ ಮಾಡಲೇಬೇಕೆನಿಸಿದರೆ, ಕುಡಿಯುವವರ ಮನೆಮಂದಿಗೆಂದೇ ಅಲ್-ಅನಾನ್ ಎಂಬ ಬೇರೆಯದೇ ಸಂಘವಿದೆ. ನಿಮ್ಮ ತಮ್ಮ ಎ.ಎ. ಮೀಟಿಂಗಿಗೆ ಹೋಗಲಿ ಬಿಡಲಿ, ಅವರು ಅಲ್ಲಿಗೆ ಹೋಗಬಹುದು. ಅದೂ ಚರ್ಚಿನ ಹಾಲಿನಲ್ಲೇ ಇದ್ದೀತು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ.