ಮಳೆಗಾಲದಲ್ಲಿ ಮ್ಯಾಂಡೊಲಿನ್‌ನ ಒಳಪಟ್ಟಿ ಕೆತ್ತಿಸಬೇಡಿ

ಆಷಾಢ ಬಂತೆಂದರೆ ನನ್ನ ಅಂಗಡಿಗೆ ಒಂದೇ ಥರದ ದೂರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮ್ಯಾಂಡೊಲಿನ್ ತರುತ್ತಾರೆ. "ಸಾರ್, ನಾದ ಮಂಕಾಗಿದೆ. ಒಳಗಿನ ಪಟ್ಟಿ ದಪ್ಪ ಇರಬೇಕು. ಸ್ವಲ್ಪ ಕೆತ್ತಿಕೊಡಿ." ಮೂರು ತಿಂಗಳ ಹಿಂದೆ ಇದೇ ವಾದ್ಯ ಚೆನ್ನಾಗಿ ನುಡಿಯುತ್ತಿತ್ತಲ್ವಾ ಅಂತ ಕೇಳಿದರೆ, ಹೌದು ಅನ್ನುತ್ತಾರೆ. ಹಾಗಾದರೆ ಪಟ್ಟಿ ಈಗ ಹೇಗೆ ದಪ್ಪವಾಯಿತು?

ನಾನು ಹೇಳುತ್ತಿರುವುದು ಮರ ಕೆತ್ತಿ ಉಬ್ಬು ಕೊಟ್ಟ ಮೇಲ್ಹಲಗೆ ಇರುವ, ಕೈಯಲ್ಲಿ ಮಾಡಿದ ಮ್ಯಾಂಡೊಲಿನ್ ಬಗ್ಗೆ. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಉಬ್ಬು ಹಲಗೆಯ ವಾದ್ಯದಲ್ಲಿ ಸಾಮಾನ್ಯವಾಗಿ ಮೇಲ್ಹಲಗೆಯ ಒಳಮೈಗೆ ಎರಡು ಪಟ್ಟಿ ಅಂಟಿಸಿರುತ್ತೇವೆ. ಟೋನ್ ಬಾರ್ ಅಂತ ಕರೆಯುತ್ತಾರೆ. 1922ರಿಂದ 1924ರವರೆಗೆ ಅಮೆರಿಕದ ಗಿಬ್ಸನ್ ಕಂಪನಿಯ ತಜ್ಞ ಲಾಯ್ಡ್ ಲೋರ್ ಸಹಿ ಹಾಕಿದ, ಹೆಸರಾದ ಎಫ್-5 ಮ್ಯಾಂಡೊಲಿನ್ ಗಳಲ್ಲೂ ಎರಡೇ ಪಟ್ಟಿ. ಕೆಲವರು ಎಕ್ಸ್ ಆಕಾರದಲ್ಲಿ ಹಾಕುತ್ತಾರೆ, ಅದೂ ಒಳ್ಳೆಯದೇ. ಎಂಟು ತಂತಿಗಳ ಎಳೆತ ಒಟ್ಟು ಎಪ್ಪತ್ತೆಂಬತ್ತು ಕಿಲೋ, ಹೆಚ್ಚುಕಡಿಮೆ ಒಂದು ಅಡಿಕೆ ಮೂಟೆಯ ತೂಕ. ಅದರಲ್ಲಿ ಒಂದು ಪಾಲು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬ್ರಿಡ್ಜ್) ಮೂಲಕ ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಹಗಲೂ ರಾತ್ರಿ, ವರ್ಷಾನುಗಟ್ಟಲೆ. ಹಲಗೆ ಕುಸಿಯದ ಹಾಗೆ ಹಿಡಿದುಕೊಳ್ಳಬೇಕು, ಹಾಗಂತ ಅದರ ಅಲುಗಾಟವನ್ನು ಕೊಲ್ಲಲೂಬಾರದು. ಪಟ್ಟಿಯ ಕೆಲಸ ಇಷ್ಟೇ, ಆದರೆ ಕಷ್ಟದ ಕೆಲಸ.

ಈಗ ಯಾರಿಗೂ ತಲೆಗೆ ಹೋಗದ ವಿಷಯಕ್ಕೆ ಬರುತ್ತೇನೆ. "ಒಂದೇ ಒಂದು ಮಿಲಿಮೀಟರ್ ತೆಗೆಯಿರಿ, ಏನಾಗುತ್ತೆ?" ಅನ್ನುತ್ತಾರೆ. ಎಲ್ಲಿಂದ ತೆಗೆಯಬೇಕು, ಅಗಲದಿಂದಲೋ ಎತ್ತರದಿಂದಲೋ? ಎರಡೂ ಒಂದೇ ಅಲ್ಲ. ತೋಟದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಹಿಡಿದವರಿಗೆ ಇದು ಗೊತ್ತು. ದಬ್ಬೆಯನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಸುಲಭಕ್ಕೆ ಬಾಗುವುದಿಲ್ಲ. ಮರ ಅದೇ, ತೂಕ ಅದೇ. ಬದಲಾದದ್ದು ಎತ್ತರ ಮಾತ್ರ.

ಲೆಕ್ಕದಲ್ಲಿ ಹೇಳುತ್ತೇನೆ. ಪಟ್ಟಿಯ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಅದರ ಎತ್ತರದ ಘನದಂತೆ ಹೆಚ್ಚುಕಮ್ಮಿ ಆಗುತ್ತದೆ. ಹತ್ತು ಮಿಲಿಮೀಟರ್ ಎತ್ತರದ ಪಟ್ಟಿಯ ಬಿಗಿಯನ್ನು 1000 ಅಂತ ಇಟ್ಟುಕೊಳ್ಳಿ. ಒಂದು ಮಿಲಿಮೀಟರ್ ಕೆತ್ತಿ ಒಂಬತ್ತಕ್ಕೆ ಇಳಿಸಿದರೆ 729. ಇನ್ನೊಂದು ಕೆತ್ತಿ ಎಂಟಕ್ಕೆ ಇಳಿಸಿದರೆ 512. ಅಂದರೆ ಎರಡು ಮಿಲಿಮೀಟರ್‌ಗೆ ಹೆಚ್ಚುಕಡಿಮೆ ಅರ್ಧದಷ್ಟು ಬಿಗಿ ಹೋಯಿತು! ತೂಕ ಮಾತ್ರ ಐದರಲ್ಲಿ ಒಂದು ಪಾಲು ಇಳಿದಿದೆ. ಅಗಲದ ಕಡೆ ಹೀಗಿಲ್ಲ. ಆರು ಮಿಲಿಮೀಟರ್ ಅಗಲವನ್ನು ಐದಕ್ಕೆ ಇಳಿಸಿದರೆ ಬಿಗಿಯೂ ಆರರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಪಟ್ಟಿ ಒಂಟಿಯಾಗಿಲ್ಲ, ಹಲಗೆಗೆ ಅಂಟಿಕೊಂಡಿದೆ, ಎರಡೂ ಸೇರಿ ಭಾರ ಹೊರುತ್ತವೆ. ಹಾಗಾಗಿ ನಿಜವಾದ ವಾದ್ಯದಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೂ ಎತ್ತರವನ್ನು ಮುಟ್ಟುವಾಗ ನನ್ನ ಕೈ ಈಗಲೂ ಒಂದು ಕ್ಷಣ ನಿಲ್ಲುತ್ತದೆ. ತೆಗೆದ ಮರವನ್ನು ವಾಪಸ್ ಇಡಲು ಬರುವುದಿಲ್ಲ ನೋಡಿ.

ಇತ್ತೀಚೆಗೆ ಹುಡುಗರು ಫೋನಿನಲ್ಲಿ ಸ್ವರ ಅಳೆಯುವ ಆ್ಯಪ್ ತರುತ್ತಾರೆ. ಹಲಗೆ ತಟ್ಟಿ, "ಅಣ್ಣಾ, ಇದು ಇಂಥ ಸ್ವರಕ್ಕೆ ಬರಬೇಕಂತೆ" ಅನ್ನುತ್ತಾರೆ. ತಟ್ಟಿ ಕೇಳುವುದು ತಪ್ಪಲ್ಲ, ನಾನೂ ದಿನಾ ತಟ್ಟುತ್ತೇನೆ. ಆದರೆ ಬಿಡಿ ಹಲಗೆಯ ಸ್ವರ ಬೇರೆ, ಅದನ್ನು ಪಕ್ಕೆಗೆ ಅಂಟಿಸಿದ ಮೇಲಿನ ಸ್ವರ ಬೇರೆ, ಡಬ್ಬ ಮುಚ್ಚಿ ತಂತಿ ಕಟ್ಟಿದ ಮೇಲಿನದು ಇನ್ನೂ ಬೇರೆ. ಬೇರೆಯವರ ಮರಕ್ಕೆ ಬಂದ ಅಂಕಿಯನ್ನು ನಿಮ್ಮ ಮರದ ಮೇಲೆ ಹೇರಬೇಡಿ. ಮರ ಹಗುರವೋ ಭಾರವೋ, ಉಬ್ಬು ಎಷ್ಟು, ಹೆಬ್ಬೆರಳಲ್ಲಿ ಒತ್ತಿದರೆ ಎಷ್ಟು ಬಗ್ಗುತ್ತದೆ, ಎಲ್ಲ ನೋಡಬೇಕು. ನಾನು ಪಟ್ಟಿ ಸವರುವುದು ಹಿಂಬದಿ ಹಲಗೆ ಮುಚ್ಚುವ ಮುಂಚೆ. ಅದೂ ತುದಿಗಳ ಕಡೆ. ಕುದುರೆಯ ಕೆಳಗಿನ ನಡುಭಾಗವನ್ನು ಕೊನೆಗೆ ಮುಟ್ಟುತ್ತೇನೆ, ಸಾಧ್ಯವಾದರೆ ಮುಟ್ಟುವುದೇ ಇಲ್ಲ.

ಮಳೆಗಾಲದಲ್ಲಿ ನಾದ ಯಾಕೆ ಮಂಕಾಗುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಉಪ್ಪು ನೀರಾಗುತ್ತದೆ, ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ. ಮ್ಯಾಂಡೊಲಿನ್ ಹಲಗೆಯೂ ಮರವೇ ಅಲ್ವಾ? ಅದೂ ತೇವ ಕುಡಿಯುತ್ತದೆ. ಭಾರವಾಗುತ್ತದೆ, ಮೆದುವಾಗುತ್ತದೆ, ಉಬ್ಬು ಮೇಲೇಳುತ್ತದೆ. ತಂತಿ ಮೆಟ್ಟಿಲಿನಿಂದ (ಬೆರಳಿಡುವ ಕಡೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ, ಫ್ರೆಟ್) ದೂರವಾಗಿ ಬೆರಳು ನೋಯುತ್ತದೆ. ತಂತಿಗೆ ತುಕ್ಕು ಬೇರೆ. ಆ ಸ್ಥಿತಿಯಲ್ಲಿ ಪಟ್ಟಿ ಕೆತ್ತಿದರೆ ನಾದ ಸ್ವಲ್ಪ ಬಿಚ್ಚಿಕೊಂಡ ಹಾಗೆ ಅನಿಸಬಹುದು. ಮಾರ್ಚ್‌ನಲ್ಲಿ ಮರ ಒಣಗಿ ಉಬ್ಬು ಇಳಿದಾಗ, ಹಿಡಿದುಕೊಳ್ಳಬೇಕಾದ ಪಟ್ಟಿಯಲ್ಲಿ ಬಲವೇ ಇರುವುದಿಲ್ಲ.

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ವರ್ಷ ಜುಲೈನಲ್ಲಿ ಬಂದಿದ್ದರು. "ಕೆತ್ತಿ ಮಾರಾಯ್ರೆ, ದುಡ್ಡಿನ ಚಿಂತೆ ಬೇಡ" ಅಂತ ಹಟ. ಅವರ ಹಟ ನನಗೆ ಇಷ್ಟ. ಅರವತ್ತು ದಾಟಿದ ಮೇಲೆ ಮ್ಯಾಂಡೊಲಿನ್ ಕಲಿತವರು ಅವರು. ವಾದ್ಯವನ್ನು ಮೂರು ವಾರ ನನ್ನ ಒಣ ಕಪಾಟಿನಲ್ಲಿ ಇಟ್ಟೆ. ಅಲ್ಲಿ ತೇವಾಂಶ ಶೇಕಡಾ 50ರ ಆಸುಪಾಸು. ತಂತಿ ಬದಲಿಸಿದೆ. ಕುದುರೆಯ ಪಾದ ಒಂದು ಕಡೆ ಹಲಗೆಗೆ ತಾಗುತ್ತಲೇ ಇರಲಿಲ್ಲ, ಪೇಪರ್ ತೂರುತ್ತಿತ್ತು. ಅದನ್ನು ಉಜ್ಜಿ ಕೂರಿಸಿದೆ. ಪಟ್ಟಿ ಮುಟ್ಟಲಿಲ್ಲ. ವಾಪಸ್ ತೆಗೆದುಕೊಳ್ಳಲು ಬಂದವರು ಅಂಗಡಿಯಲ್ಲೇ ಕೂತು ಮುಕ್ಕಾಲು ಗಂಟೆ ನುಡಿಸಿದರು.

ಬೇಗ ಒಣಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಹಾಕಬೇಡಿ. ಹಲಗೆ ಸೀಳುತ್ತದೆ, ಅಂಟು ಬಿಡುತ್ತದೆ. ನುಡಿಸುವಾಗ ಒಳಗಿನಿಂದ ಜಿರ್ ಅಂತ ಸದ್ದು ಬಂದರೆ ಅದು ಬೇರೆ ವಿಷಯ. ಪಟ್ಟಿ ಬಿಟ್ಟುಕೊಂಡಿರಬಹುದು. ಆಗ ತಂತಿ ಸಡಿಲ ಮಾಡಿ ಬೇಗ ತನ್ನಿ, ಮಳೆ ನಿಲ್ಲಲಿ ಅಂತ ಕಾಯಬೇಡಿ.

ಸಾಗರದ ಹುಡುಗನೊಬ್ಬ ಕಡ್ಡಿಗೆ ಮರಳು ಕಾಗದ ಅಂಟಿಸಿ, ಹಲಗೆಯ ತೂತಿನಿಂದ ತೂರಿಸಿ, ಎರಡು ಮಳೆಗಾಲ ತಾನೇ ಪಟ್ಟಿ ಉಜ್ಜಿದ್ದ. ಈ ಬೇಸಿಗೆಯಲ್ಲಿ ಕುದುರೆಯ ಹತ್ತಿರ ಹಲಗೆ ಕುಸಿದು ತಂತಿಗಳು ಮೆಟ್ಟಿಲಿಗೆ ತಾಗಿದವು. ತಂದಾಗ ಅವನ ಕಣ್ಣಲ್ಲಿ ನೀರು. ನನಗೆ ಬೈಯಲು ಆಗಲಿಲ್ಲ. ಹಿಂಬದಿ ಬಿಚ್ಚಿದ್ದೇನೆ, ಸವೆದ ಪಟ್ಟಿಗಳನ್ನು ತೆಗೆದಿದ್ದೇನೆ. ಎಳೆಯ ದಿಕ್ಕಿಗೇ ಸೀಳಿದ ಸ್ಪ್ರೂಸ್ ಮರದ ಎರಡು ಹೊಸ ಪಟ್ಟಿ ಕಪಾಟಿನಲ್ಲಿ ಹಲಗೆಯ ಜೊತೆ ಒಣಗುತ್ತಿವೆ. ಅಂಟಿಸುವುದು ದೀಪಾವಳಿ ಕಳೆದು ಹವೆ ಒಣಗಿದ ಮೇಲೆ. ಅವನು ಪ್ರತಿ ಭಾನುವಾರ ಫೋನ್ ಮಾಡಿ, "ಅಣ್ಣಾ, ಒಣಗಿತಾ?" ಅಂತ ಕೇಳುತ್ತಾನೆ.