ಹೆಸರಿಲ್ಲದ ಅಣುವಿಗೆ ಗುರುತು ಸಿಗುವುದು ಹೇಗೆ?

1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಅವರ ಬಳಿ ಒಬ್ಬ ತಾಯಿ ತನ್ನಿಬ್ಬರು ಮಕ್ಕಳ ಸಮಸ್ಯೆ ಹೇಳಿಕೊಂಡು ಬಂದರು. ಇಬ್ಬರದ್ದೂ ಬುದ್ಧಿ ಬೆಳವಣಿಗೆ ನಿಂತುಹೋಗಿತ್ತು. ಫೋಲಿಂಗ್ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕ ಹಾಕಿದರು. ಕಡು ಹಸಿರು ಬಣ್ಣ ಬಂತು. ಅವರಿಗೆ ಗೊತ್ತಿದ್ದ ಯಾವ ವಸ್ತುವೂ ಆ ಬಣ್ಣ ಕೊಡುತ್ತಿರಲಿಲ್ಲ.

ಆಮೇಲಿನ ಕೆಲಸ ನಿಜಕ್ಕೂ ದೊಡ್ಡದು. ಸುಮಾರು 20 ಲೀಟರ್ ಮೂತ್ರದಿಂದ ಆ ವಸ್ತುವನ್ನು ಶುದ್ಧ ಹರಳಾಗಿ ಬೇರ್ಪಡಿಸಿದರು. ಅದು ಫಿನೈಲ್‌ಪೈರುವಿಕ್ ಆಸಿಡ್ ಇರಬೇಕು ಅನ್ನಿಸಿತು. ಆ ಹರಳನ್ನು ಅಸಲಿ ಫಿನೈಲ್‌ಪೈರುವಿಕ್ ಆಸಿಡ್ ಜೊತೆ ಬೆರೆಸಿ ಕಾಯಿಸಿದರು. ಎರಡೂ ಬೇರೆ ಬೇರೆಯಾಗಿದ್ದರೆ ಮಿಶ್ರಣ ಕಡಿಮೆ ಶಾಖದಲ್ಲೇ ಕರಗಬೇಕಿತ್ತು. ಹಾಗಾಗಲಿಲ್ಲ, ಅಂದರೆ ಎರಡೂ ಒಂದೇ. ಪಿಕೆಯು (ಫಿನೈಲ್‌ಕೀಟೋನ್ಯೂರಿಯಾ) ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆ ಪತ್ತೆಯಾದದ್ದು ಹೀಗೆ.

ದೇಹದ ರಾಸಾಯನಿಕ ಕ್ರಿಯೆಗಳಲ್ಲಿ ಹುಟ್ಟುವ, ಬಳಕೆಯಾಗುವ ಇಂಥ ಸಣ್ಣ ಅಣುಗಳೇ ಮೆಟಬಾಲೈಟ್‌ಗಳು. ಗ್ಲುಕೋಸ್, ಯೂರಿಯಾ ಕೂಡ ಇದೇ ಗುಂಪು. ಒಂದೊಂದನ್ನೂ ಫೋಲಿಂಗ್ ಥರ ಹುಡುಕುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೆ ದಾರಿ ತೋರಿಸಿದ್ದು ಕ್ರೊಮ್ಯಾಟೋಗ್ರಫಿ, ಅಂದರೆ ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಮಾಡುವ ವಿಧಾನ. ವಿಜ್ಞಾನಿಗಳಾದ ಮಾರ್ಟಿನ್ ಮತ್ತು ಸಿಂಜ್ ಅದನ್ನು ಸುಧಾರಿಸಿ 1952ರಲ್ಲಿ ನೊಬೆಲ್ ಪಡೆದರು. 1971ರಲ್ಲಿ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ತಂಡ ಉಸಿರಿನಲ್ಲೇ ಸುಮಾರು 250 ವಸ್ತುಗಳನ್ನು ಬಿಡಿಸಿ ತೋರಿಸಿತು.

ಈಗ ಬೇರ್ಪಡಿಸುವ ಯಂತ್ರದ ತುದಿಗೆ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸುತ್ತಾರೆ. ಅಣು ಎಷ್ಟು ಹೊತ್ತಿಗೆ ಹೊರಬಂತು, ತೂಕ ಎಷ್ಟು, ಒಡೆದರೆ ಯಾವ ಚೂರುಗಳಾಗುತ್ತದೆ, ಎಲ್ಲವೂ ದಾಖಲಾಗುತ್ತದೆ. ಒಂದು ಹನಿ ರಕ್ತದಿಂದಲೇ ಸಾವಿರಾರು ಸಿಗ್ನಲ್ ಬರುತ್ತವೆ.

ಆದರೆ ಸಿಗ್ನಲ್ ಸಿಕ್ಕ ಮಾತ್ರಕ್ಕೆ ಗುರುತು ಸಿಕ್ಕಿತು ಅಂತಲ್ಲ. ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಎರಡು ಅಮೈನೋ ಆಮ್ಲ ನೋಡಿ. ಎರಡಕ್ಕೂ ಒಂದೇ ಸೂತ್ರ, ಒಂದೇ ತೂಕ. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಬರೀ ತೂಕ ನೋಡಿ ಹೆಸರಿಟ್ಟರೆ ತಪ್ಪಾಗುತ್ತೆ ಅಲ್ವಾ?

ಈ ಗೊಂದಲ ಜಾಸ್ತಿಯಾಗಿ, 2007ರಲ್ಲಿ ವಿಜ್ಞಾನಿಗಳು ಗುರುತಿಸುವಿಕೆಗೆ ನಾಲ್ಕು ಹಂತ ಗೊತ್ತುಮಾಡಿದರು. ಅಸಲಿ ವಸ್ತುವನ್ನೂ ಅದೇ ಲ್ಯಾಬ್‌ನಲ್ಲಿ ಪರೀಕ್ಷಿಸಿ, ಕನಿಷ್ಠ ಎರಡು ಗುಣ ತಾಳೆಯಾದರೆ ಮಾತ್ರ ಮೊದಲ ಹಂತ. ಡೇಟಾಬೇಸ್ ಜೊತೆ ಹೋಲಿಸಿ ಇಟ್ಟ ಹೆಸರು ಎರಡನೇ ಹಂತದ್ದು, ಅಂದರೆ ಊಹೆ. ಕೊನೆಯ ಹಂತ ಪೂರ್ತಿ ಅಪರಿಚಿತ.

ಸಂಶೋಧನಾ ಪ್ರಬಂಧಗಳು ಈ ಹಂತವನ್ನು ಎದ್ದು ಕಾಣುವಂತೆ ಬರೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಊಹೆಯ ಹೆಸರನ್ನೇ ನಂಬಿ ಕಾಯಿಲೆಗೆ ಟೆಸ್ಟ್ ಕಟ್ಟಿದರೆ, ಪೆಟ್ಟು ಬೀಳುವುದು ರೋಗಿಗೆ. ಇವತ್ತಿಗೂ ಎಷ್ಟೋ ಸಿಗ್ನಲ್‌ಗಳಿಗೆ ಹೋಲಿಸಿ ನೋಡಲು ಅಸಲಿ ವಸ್ತುವೇ ಸಿಗುವುದಿಲ್ಲ. ಯಾರಾದರೂ ಅದನ್ನು ಲ್ಯಾಬ್‌ನಲ್ಲಿ ತಯಾರಿಸಿಯೇ ನೋಡಬೇಕು.